ಕಡಲೆಕಾಯಿ ವ್ಯಾಗನ್ನಿನೊಳಗೆ ನನ್ನ ತಮ್ಮ

ನಮ್ಮ ಸೀಮೆಯ ಕಡಲೆಕಾಯಿ ರೈಲು ಹತ್ತಬೇಕಾದರೆ ಗಡಿ ದಾಟಬೇಕಿತ್ತು. ಮಧುಗಿರಿ, ಪಾವಗಡದ ಹಳ್ಳಿಗಳಲ್ಲಿ ಬೆಳೆದದ್ದನ್ನೆಲ್ಲ ಎತ್ತಿನ ಗಾಡಿಗೆ ಹೇರಿಕೊಂಡು, ಮೈಸೂರು ಮಹಾರಾಜರ ಸೀಮೆ ಮುಗಿಯುವ ಕಲ್ಲು ದಾಟಿ, ಮದರಾಸು ಕಡೆಯ ಒಂದು ಸ್ಟೇಷನ್ನಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಸಿರಾದವರು, ಕೊರಟಗೆರೆಯವರು ಹೆಚ್ಚಾಗಿ ತುಮಕೂರಿನ ಕಡೆಗೆ ತಿರುಗುತ್ತಿದ್ದರು. ನಾನು ಕೆಲಸ ಮಾಡಿದ್ದು ಗಡಿಯಾಚೆಯ ಸ್ಟೇಷನ್ನಿನಲ್ಲಿ. ಅದರ ಹೆಸರು ಬೇಡ. ಅಲ್ಲಿಯ ಗೂಡ್ಸ್ ಷೆಡ್ಡಿನಲ್ಲಿ ಕೂತು ಆರು ಸುಗ್ಗಿ ಕಾಲ ಗೋಣಿಚೀಲದ ಬಾಯಿ ಹೊಲಿದಿದ್ದೇನೆ.

ನಾನು ಹುಟ್ಟಿದ್ದು ಚನ್ನರಾಯನದುರ್ಗದಲ್ಲಿ. ನಮ್ಮ ಹಿರಿಯರು ಒಂದು ಕಾಲಕ್ಕೆ ಬೆಟ್ಟದ ಮೇಲಿನ ಕೋಟೆಗೆ ಕಾವಲಿದ್ದವರಂತೆ. ನನ್ನ ಕಾಲಕ್ಕೆ ಆ ಕೋಟೆಯಲ್ಲಿ ಕಾಯುವಂಥದ್ದು ಏನೂ ಉಳಿದಿರಲಿಲ್ಲ. ಅಪ್ಪ ನನ್ನನ್ನು ಮೂರು ವರ್ಷ ಶಾಲೆಗೆ ಕಳಿಸಿದ, ಆಮೇಲೆ ನಾಗಲಮಡಿಕೆಯ ಪಕ್ಕದ ಒಂದು ಹಳ್ಳಿಗೆ ಮದುವೆ ಮಾಡಿ ಕೊಟ್ಟ. ಅತ್ತೆ ಮನೆಯಲ್ಲಿ ಅರ್ಧ ಮಾತು ತೆಲುಗು. ನನಗೂ ಅದು ಬಂತು. ಗಂಡ ಗಾಡಿ ಹೊಡೆಯುತ್ತಿದ್ದ. ಮದುವೆಯಾಗಿ ಏಳನೆಯ ವರ್ಷ ವಾಂತಿಭೇದಿ ಬಂದು, ಬೆಳಿಗ್ಗೆ ಎತ್ತಿಗೆ ನೀರು ಕುಡಿಸಿದವನು ಸಂಜೆಯ ಹೊತ್ತಿಗೆ ಇರಲಿಲ್ಲ. ನನಗೆ ಮಕ್ಕಳಿರಲಿಲ್ಲ.

ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದ. ಸುದ್ದಿ ತಿಳಿದು ನನ್ನನ್ನು ಕರೆದುಕೊಂಡು ಹೋಗಲು ತಮ್ಮ ಬಂದ. ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವನು, ಆಗ ಇಪ್ಪತ್ತರ ಆಳು. ಗಟ್ಟಿ ಮೈ, ಬೆಟ್ಟ ಹತ್ತಿ ಇಳಿದು ಬಂದ ಕಾಲು.

"ಬಾರಕ್ಕ, ಊರಿಗೆ ಓಗಾನ. ಅವ್ವ ಕಾಯ್ತಾವ್ಳೆ" ಅಂದ.

"ಬಂದು ಏನ್ಲಾ ಮಾಡ್ಲಿ? ಅವ್ವನ ಒಲೆ ಮುಂದೆ ಮೂಲೇಲಿ ಕೂತ್ಕಳ್ಳಾ?" ಅಂದೆ.

ಸ್ಟೇಷನ್ನಿಗೆ ದುಡಿಯಲು ಹೋಗುತ್ತೇನೆ ಅಂದೆ. ಸ್ಟೇಷನ್ನಿನಲ್ಲಿ ಕೆಲಸ ಸಿಗುತ್ತದೆ ಎಂದು ಬರುವ ದಾರಿಯಲ್ಲಿ ಯಾರೋ ಗಾಡಿಯವರು ಅವನಿಗೂ ಹೇಳಿದ್ದರಂತೆ. "ಅಂಗಾದ್ರೆ ನಾನೂ ಬತ್ತೀನಿ. ಒಂದು ಸುಗ್ಗಿ ನೋಡಾನ" ಅಂದ. ಹೀಗೆ ನನ್ನ ಕಾರಣಕ್ಕೆ ಅವನು ಅಲ್ಲಿಗೆ ಬಂದ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅವನಿಗೆ ಹಮಾಲಿ ಕೆಲಸ ಸಿಕ್ಕಿತು. ನನಗೆ ಕೈಗೆ ದಬ್ಬಳ ಕೊಟ್ಟರು. ಒಂದು ಗೇಣುದ್ದದ ಸೂಜಿ ಅದು. ತೂಕವಾದ ಚೀಲದ ಬಾಯನ್ನು ಮಡಿಸಿ ಸೆಣಬಿನ ಸುತಲಿಯಿಂದ ಹೊಲಿಯುವುದು, ಎರಡು ಮೂಲೆಯಲ್ಲೂ ಕಿವಿ ಬಿಡುವುದು. ಹಮಾಲಿಗಳು ಆ ಕಿವಿ ಹಿಡಿದೇ ಚೀಲ ಎತ್ತುತ್ತಿದ್ದರು. ಬಂದ ಹೊಸದರಲ್ಲಿ ನನ್ನ ಬೆರಳುಗಳೆಲ್ಲ ಸೀಳಿ ಹೋಗಿ, ಮುದ್ದೆ ಮುರಿಯಲಿಕ್ಕೂ ಆಗದೆ ತಮ್ಮ ಮುರಿದು ಸಾರಿನಲ್ಲಿ ಅದ್ದಿ ಕೊಡುತ್ತಿದ್ದ.

ವ್ಯಾಗನ್ನಿಗೆ ನಾವೆಲ್ಲ ಡಬ್ಬಿ ಎನ್ನುತ್ತಿದ್ದೆವು. ಕೆಮ್ಮಣ್ಣಿನ ಬಣ್ಣದ ಕಬ್ಬಿಣದ ಡಬ್ಬಿ. ಪಕ್ಕದ ತಗಡಿನ ಮೇಲೆ ಬಿಳಿ ಬಣ್ಣದಲ್ಲಿ ಇಂಗ್ಲಿಷ್ ಅಕ್ಷರ, ಇಂಗ್ಲಿಷ್ ಅಂಕಿ. ನಾನು ಕಲಿತಿದ್ದು ಕನ್ನಡ ಅಂಕಿ, ಅವು ನನಗೆ ಬರೀ ಗೀಟು. ಒಳಗೆ ಕಿಟಕಿಯಿಲ್ಲ, ಚಾವಣಿ ಕಮಾನಿನಂತೆ ಬಾಗಿದ್ದು. ಮೊದಲು ಹೊತ್ತು ತಂದದ್ದರ ವಾಸನೆ ಪ್ರತಿ ಡಬ್ಬಿಯಲ್ಲೂ ಕೂತಿರುತ್ತಿತ್ತು. ಕೆಲವದರಲ್ಲಿ ಉಪ್ಪು, ಕೆಲವದರಲ್ಲಿ ಹಸಿ ಚರ್ಮ, ಒಮ್ಮೊಮ್ಮೆ ಒಣಮೀನಿನ ಗೊಬ್ಬರ. ನಾವು ಹೆಂಗಸರು ಒಳಗೆ ಹೋಗಿ ಗುಡಿಸಿದ ಮೇಲೆ ಹಮಾಲಿಗಳು ಹೇರುತ್ತಿದ್ದರು. ಸಿಪ್ಪೆ ಬಿಡಿಸದ ಕಡಲೆಕಾಯಿ ತೂಕಕ್ಕೆ ಹಗುರ, ಜಾಗಕ್ಕೆ ದೊಡ್ಡದು. ಎರಡು ಕೊನೆಗಳಿಂದ ಶುರುಮಾಡಿ ಬಾಗಿಲ ಕಡೆಗೆ ಬರುತ್ತ, ಚಾವಣಿಗೆ ಒಂದು ಮೊಳ ಇದೆ ಅನ್ನುವವರೆಗೂ ಚೀಲ ಒಟ್ಟುತ್ತಿದ್ದರು. ಕೊನೆಗೆ ಬಾಗಿಲಿಗೆ ಅಡ್ಡವಾಗಿ ಚೀಲದ ಗೋಡೆ. ಆಮೇಲೆ ಗುಮಾಸ್ತ ಬಂದು ಒಂದು ಸಲ ಒಳಗೆ ನೋಡಿ, ಬಾಗಿಲು ಹಾಕಿಸಿ, ಚಿಲಕಕ್ಕೆ ತಂತಿ ಸುತ್ತಿ, ಸೀಸದ ಬಿಲ್ಲೆಯನ್ನು ಇಕ್ಕಳದಲ್ಲಿ ಒತ್ತುತ್ತಿದ್ದ. ಒತ್ತಿದ ಮೇಲೆ ಅದನ್ನು ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಪೊಲೀಸು.

ಅದು ಯುದ್ಧದ ಕಾಲ. ಸಿಪಾಯಿಗಳ ರೈಲು, ಮದ್ದುಗುಂಡಿನ ರೈಲು ಬಂದರೆ ಉಳಿದದ್ದೆಲ್ಲ ಪಕ್ಕಕ್ಕೆ ಸರಿಯಬೇಕು. ಡಬ್ಬಿಗಳೇ ಸಿಗುತ್ತಿರಲಿಲ್ಲ. ಗಾಡಿಯವರು ವಾರಗಟ್ಟಲೆ ಸ್ಟೇಷನ್ನಿನ ಮುಂದೆ ಎತ್ತು ಬಿಚ್ಚಿಕೊಂಡು ಬಿದ್ದಿರುತ್ತಿದ್ದರು. ಒಂದು ದಿನ ಇದ್ದಕ್ಕಿದ್ದಂತೆ ಮೂರು ಡಬ್ಬಿ ಬಂದರೆ, ಸಾಯಂಕಾಲದ ಗೂಡ್ಸಿಗೆ ಅವು ತುಂಬಿ ನಿಂತಿರಬೇಕು. ಹಮಾಲಿಗಳ ಮೇಸ್ತ್ರಿ ಪಾವಗಡದ ಕಡೆಯವನು. ಒಂದೊಂದು ಮಾತಿಗೂ ಒಂದೊಂದು ಬೈಗುಳ ಸೇರಿಸುತ್ತಿದ್ದ. ಕೆಲಸದ ನಡುವೆ ಕೂತವನನ್ನು ಕಂಡರೆ "ಒರೇ, ರೇಪಟ್ನಿಂಚಿ ರಾವದ್ದು" ಎಂದು ತೆಲುಗಿನಲ್ಲೇ ಹೇಳಿ, ಮಾರನೆಯ ದಿನದಿಂದ ಬರಬೇಡವೆಂದು ಕಳಿಸಿಬಿಡುತ್ತಿದ್ದ.

ಶಿವರಾತ್ರಿ ಕಳೆದು ಬಿಸಿಲು ಬಲಿತ ದಿನಗಳು. ಒಂದು ಬೆಳಿಗ್ಗೆ ಮೂರು ಡಬ್ಬಿ ಬಂದವು. ತಮ್ಮನಿಗೆ ಹಿಂದಿನ ವಾರದಿಂದ ದಿನ ಬಿಟ್ಟು ದಿನ ಚಳಿಜ್ವರ ಬರುತ್ತಿತ್ತು. ಅವತ್ತು ಬರುವ ಸರದಿ. ಆದರೂ ಬಂದಿದ್ದ. ಮಧ್ಯಾಹ್ನದ ಹೊತ್ತಿಗೆ ಅವನು ಹಲಗೆಯ ಮೇಲೆ ಚೀಲ ಹೊತ್ತು ಹತ್ತುವಾಗ ಅರ್ಧದಲ್ಲೇ ನಿಂತುಬಿಟ್ಟದ್ದನ್ನು ನೋಡಿದೆ. ಮೇಸ್ತ್ರಿ ಆಚೆ ಡಬ್ಬಿಯ ಹತ್ತಿರ ಇದ್ದ. ನಾನು ದಬ್ಬಳ ಬಿಟ್ಟು ಎದ್ದು ಹೋದೆ. ಅವನ ಹಲ್ಲು ಕಟಕಟ ಅನ್ನುತ್ತಿತ್ತು, ಮುಟ್ಟಿದರೆ ಕೈ ತಣ್ಣಗೆ.

"ಒಳಗೆ ಓಗಿ ಮೇಲೆ ಮಲ್ಕ ಓಗ್ಲಾ. ಚಳಿ ಬುಡಾವರ್ಗೂ ಅಲ್ಲೇ ಇರು" ಅಂದೆ.

"ಮೇಸ್ತ್ರಿ ನೋಡಿದ್ರೆ?"

"ಅಲ್ಲಿ ಯಾವನು ಹತ್ತಿ ನೋಡ್ತಾನೆ? ಬಾಗ್ಲು ಹಾಕಾಕ್ ಮುಂಚೆ ನಾನು ಎಬ್ಬುಸ್ತೀನಿ."

ಆ ಡಬ್ಬಿಯ ಒಂದು ಕೊನೆ ಆಗಲೇ ಪೂರ್ತಿ ತುಂಬಿತ್ತು. ಅವನು ಚೀಲಗಳ ಮೇಲೆ ತೆವಳಿಕೊಂಡು ಹೋಗಿ, ಚಾವಣಿಯ ಕೆಳಗೆ, ಹಿಂದಿನ ಗೋಡೆಗೆ ತಾಗಿ ಮುದುಡಿಕೊಂಡ. ತಗಡು ಹೆಂಚಿನ ಹಾಗೆ ಕಾದಿತ್ತು. ಚಳಿಯಲ್ಲಿ ನಡುಗುವವನಿಗೆ ಆ ಕಾವು ಹಿತವಾಯಿತು. ನಾನೂ ಹತ್ತಿ ಹೋಗಿ ಎರಡು ಖಾಲಿ ಗೋಣಿ ಹೊದಿಸಿದೆ. ತಲೆಯ ಮೇಲಕ್ಕೂ ಎಳೆದುಕೊಂಡ. ಕೆಳಗಿಳಿದು ಬಾಗಿಲಿಂದ ಒಮ್ಮೆ ತಿರುಗಿ ನೋಡಿದೆ, ಗೋಣಿ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಮೇಸ್ತ್ರಿಯ ಕಣ್ಣಿಗೆ ಬೀಳುವುದಿಲ್ಲ ಎಂದು ನನಗೆ ಸಮಾಧಾನವಾಯಿತು.

ಯಾರಿಗೂ ಹೇಳಲಿಲ್ಲ. ಹೇಳಿದರೆ ಮೇಸ್ತ್ರಿಯ ಕಿವಿಗೆ ಬೀಳುತ್ತದೆ.

ಒಂದು ತಾಸು ಕಳೆದಿರಬೇಕು. ಸುತಲಿ ಮುಗಿಯಿತು. ಮೇಸ್ತ್ರಿ ನನ್ನ ಕಡೆ ಕೈ ತೋರಿಸಿ, ಊರೊಳಗಿನ ಮಂಡಿಗೆ ಹೋಗಿ ಸುತಲಿ ಉಂಡೆ ತೆಗೆದುಕೊಂಡು ಬಾ ಅಂದ. ಬೇರೆ ಯಾರನ್ನಾದರೂ ಕಳಿಸು ಅನ್ನಲು ನನಗೆ ಕಾರಣವಿರಲಿಲ್ಲ. ಗೂಡ್ಸು ಬರಲು ಇನ್ನೂ ಬಹಳ ಹೊತ್ತಿದೆ, ಬಿಸಿಲಿನಲ್ಲಿ ಓಡಿ ಹೋಗಿ ಓಡಿ ಬಂದರಾಯಿತು ಎಂದುಕೊಂಡೆ. ಮಂಡಿಯಲ್ಲಿ ಬೀಗ ಹಾಕಿತ್ತು. ಊಟಕ್ಕೆ ಹೋಗಿದ್ದ ಸಾಹುಕಾರರ ಆಳು ಬರುವವರೆಗೆ ಜಗಲಿಯ ಮೇಲೆ ಕೂತೆ. ನಡುವೆ ಎಲ್ಲೋ ಇಂಜಿನ್ನು ಕೂಗಿದ್ದು ಕೇಳಿಸಿತು. ಅದು ಯಾವುದೋ ಸಿಪಾಯಿ ರೈಲು ಎಂದುಕೊಂಡೆ.

ಉಂಡೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಾಗ ಷೆಡ್ಡಿನ ಮುಂದೆ ಹಳಿ ಖಾಲಿ ಇತ್ತು. ಹಳಿಯ ನಡುವೆ ಉದುರಿದ ಕಡಲೆಕಾಯಿಯನ್ನು ಎರಡು ಮೇಕೆ ತಿನ್ನುತ್ತಿದ್ದವು. ಹಮಾಲಿಗಳು ನೆರಳಿನಲ್ಲಿ ಬೀಡಿ ಸೇದುತ್ತ ಕೂತಿದ್ದರು. ಹಿಂದಿನಿಂದ ಮಿಲಿಟರಿ ಗಾಡಿ ಬರುತ್ತಿದೆಯೆಂದು ಗೂಡ್ಸನ್ನು ಮೂರು ತಾಸು ಮುಂಚೆಯೇ ಎಳೆದಿದ್ದರು. ಎರಡು ಡಬ್ಬಿ ಪೂರ್ತಿಯಾಗಿದ್ದವು, ಅವನ್ನು ಮೊಹರು ಮಾಡಿ ತಗುಲಿಸಿ ಕಳಿಸಿದರು. ಅರ್ಧ ತುಂಬಿದ್ದ ಮೂರನೆಯದನ್ನು ಬಾಗಿಲು ತೆರೆದ ಹಾಗೇ ಷೆಡ್ಡಿನ ಆಚೆ ಕೊನೆಗೆ ತಳ್ಳಿದ್ದರು. ನಾನು ಓಡಿ ಹೋಗಿ ಅದರೊಳಗೆ ಇಣುಕಿದೆ. ಅದಲ್ಲ.

ಕೂಗಿದೆನೋ ಏನೋ ನೆನಪಿಲ್ಲ. ಗುಮಾಸ್ತರ ಕೋಣೆಯ ಬಾಗಿಲಲ್ಲಿ ನಿಂತಿದ್ದದ್ದು ನೆನಪಿದೆ.

"ಸ್ವಾಮಿ, ನನ್ ತಮ್ಮ ಡಬ್ಬೀಲವ್ನೆ. ಗಾಡಿ ನಿಲ್ಸಿ."

ಅವರು ಕನ್ನಡದವರೇ, ನಿಧಾನದ ಮನುಷ್ಯ. ಬರೆಯುತ್ತಿದ್ದದ್ದನ್ನು ಬಿಟ್ಟು ತಲೆ ಎತ್ತಿದರು. "ಏನಮ್ಮ ನೀನು ಹೇಳೋದು? ನಾನೇ ನೋಡಿ ಬಾಗಿಲು ಹಾಕಿಸಿದ್ದೀನಿ. ಒಳಗೆ ಯಾರೂ ಇರಲಿಲ್ಲ."

"ಜ್ವರದ ಮಂಪರಲ್ಲಿ ಗೋಣಿ ಹೊದ್ದು ಮಲಗವ್ನೆ ಸ್ವಾಮಿ. ನಾನೇ ಮಲಗ್ಸಿದ್ದು."

ಹಿಂದಿನಿಂದ ಬಂದ ಮೇಸ್ತ್ರಿ, ಅವನು ಸಿಪಾಯಿ ಪಟ್ಟಾಳಕ್ಕೆ ಸೇರಲು ಓಡಿಹೋಗಿರುತ್ತಾನೆ, ಆ ವಯಸ್ಸಿನವರೆಲ್ಲ ಹಾಗೇ ಹೋಗುತ್ತಿದ್ದಾರೆ ಅಂದ. ಗುಮಾಸ್ತರು ನನ್ನ ಮುಖವನ್ನು ನೋಡುತ್ತಲೇ ಇದ್ದರು. ನಾನು ಹೇಳಿದ್ದು ನಿಜವಾದರೆ ಬಾಗಿಲು ಹಾಕಿಸಿದ ಕೈ ಅವರದ್ದು. ಅವರು ಎದ್ದು ಸ್ಟೇಷನ್ ಮಾಸ್ತರ ಹತ್ತಿರ ಹೋದರು. ಇಬ್ಬರೂ ಬಹಳ ಹೊತ್ತು ಒಳಗೆ ಮಾತಾಡಿದರು. ಆಮೇಲೆ ಹೊರಗೆ ಬಂದು, ತಂತಿ ಕೊಡುತ್ತೇವೆ, ಆದರೆ ಮಿಲಿಟರಿ ಸುದ್ದಿ ಇರುವಾಗ ನಮ್ಮದು ಹೋಗುವುದು ತಡವಾಗುತ್ತದೆ ಅಂದರು. ಒಂದು ಚೀಟಿಯಲ್ಲಿ ಎರಡು ಡಬ್ಬಿಗಳ ನಂಬರು ಬರೆದು ಕೊಟ್ಟರು. ಅದೇ ಇಂಗ್ಲಿಷ್ ಗೀಟು. ಅವರು ತಂತಿ ಕೊಟ್ಟರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆ ದಿಕ್ಕಿಗೆ ಹೋಗುವ ಪ್ಯಾಸೆಂಜರು ಇದ್ದದ್ದು ಮಾರನೆಯ ಬೆಳಿಗ್ಗೆ. ಜಂಕ್ಷನ್ನಿಗೆ ಟಿಕೀಟು ತೆಗೆದುಕೊಂಡು ಕಿಟಕಿಯ ಪಕ್ಕ ಕೂತೆ. ಪ್ರತಿ ಸ್ಟೇಷನ್ನಿನಲ್ಲೂ ತಲೆ ಹೊರಗೆ ಹಾಕಿ ನೋಡುತ್ತಿದ್ದೆ. ನಾಲ್ಕನೆಯ ಸ್ಟೇಷನ್ನಿನಲ್ಲಿ, ಪಕ್ಕದ ಹಳಿಯ ಮೇಲೆ ಉದ್ದಕ್ಕೂ ಡಬ್ಬಿಗಳು ನಿಂತಿದ್ದವು. ಇಂಜಿನ್ನಿರಲಿಲ್ಲ. ಅಲ್ಲೇ ಇಳಿದುಬಿಟ್ಟೆ.

ಚೀಟಿ ಹಿಡಿದುಕೊಂಡು ಒಂದೊಂದು ಡಬ್ಬಿಯ ಮುಂದೆ ನಿಂತು ಗೀಟು ಹೊಂದಿಸಲು ನೋಡಿದೆ. ಕೆಲವದರ ಬಣ್ಣ ಉದುರಿತ್ತು, ಕೆಲವದಕ್ಕೆ ಇಂಜಿನ್ನಿನ ಮಸಿ ಮೆತ್ತಿತ್ತು. ತಲೆ ಕೆಟ್ಟು, ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿ, ಹಳಿಯ ಜಲ್ಲಿಯಿಂದ ಒಂದು ಕಲ್ಲು ತೆಗೆದುಕೊಂಡು ಪ್ರತಿಯೊಂದಕ್ಕೂ ಬಡಿಯುತ್ತ ಹೋದೆ. "ತಮ್ಮಯ್ಯಾ, ಇದೀಯೇನ್ಲಾ? ನಾನು ಕಣ್ಲಾ, ಅಕ್ಕ!" ಬಡಿಯುವುದು, ಕಿವಿ ಇಡುವುದು, ಮುಂದಕ್ಕೆ ಹೋಗುವುದು. ಬಿಸಿಲಿಗೆ ತಗಡು ತಾನಾಗಿಯೇ ಟಣ್ ಟಣ್ ಅನ್ನುತ್ತಿತ್ತು. ಪ್ರತಿ ಸದ್ದಿಗೂ ನಿಂತು ಮತ್ತೆ ಕಿವಿ ಇಡುತ್ತಿದ್ದೆ.

ಅರ್ಧ ಸಾಲು ಮುಗಿದಿತ್ತು. ಕಾವಲಿನವನೊಬ್ಬ ದೊಣ್ಣೆ ಹಿಡಿದು ಓಡಿಬಂದ. ಚೀಲ ಕೊಯ್ದು ಕಾಳು ಕದಿಯುವವರು ಆಗ ಎಲ್ಲ ಕಡೆ ಇದ್ದರು, ಅವನು ನನ್ನನ್ನೂ ಹಾಗೇ ತಿಳಿದ. ನಾನು ತೆಲುಗಿನಲ್ಲಿ ಎಷ್ಟು ಹೇಳಿದರೂ ಕೇಳದೆ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಅಲ್ಲಿಯ ಮಾಸ್ತರ ಮುಂದೆ ನಿಲ್ಲಿಸಿದ. ಆ ಮಾಸ್ತರು ಚೀಟಿ ನೋಡಿದರು, ಪುಸ್ತಕ ತಿರುವಿದರು. ನಿನ್ನೆಯ ಗೂಡ್ಸು ಜಂಕ್ಷನ್ನಿಗೆ ಹೋಗಿಯಾಯಿತು, ಇಲ್ಲಿ ಹುಡುಕಬೇಡ ಅಂದರು. ಅವರು ಸುಳ್ಳು ಹೇಳಲಿಲ್ಲ. ಗೂಡ್ಸು ಹೋಗಿತ್ತು, ಅದರ ಬಾಲದ ಕೆಲವು ಡಬ್ಬಿಗಳನ್ನು ಇಲ್ಲಿ ಕಳಚಿ ಹೋಗಿತ್ತು. ಅದು ಆ ಪುಸ್ತಕದಲ್ಲಿ ಇನ್ನೂ ಏರಿರಲಿಲ್ಲ.

ನಾನು ಅವರ ಮಾತು ನಂಬಿ, ಮಧ್ಯಾಹ್ನದ ಗಾಡಿ ಹತ್ತಿ ಜಂಕ್ಷನ್ನಿಗೆ ಹೋದೆ. ಅಲ್ಲಿ ಕಣ್ಣು ಹಾಯುವಷ್ಟು ದೂರ ಡಬ್ಬಿಗಳು. ಯಾರನ್ನು ಕೇಳಿದರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಿದ್ದರು. ಕತ್ತಲಾಗುವ ಮುಂಚೆ ಒಬ್ಬ ಗುಮಾಸ್ತ ಕನಿಕರಪಟ್ಟು ಪುಸ್ತಕ ತೆಗೆದು ನೋಡಿ, ಈ ನಂಬರಿನವು ಇಲ್ಲಿಗೆ ಬಂದೇ ಇಲ್ಲ ಎಂದು ಹೇಳಿದ. ಆಗ ನನಗೆ ತಿಳಿಯಿತು, ನಾನು ಅವನನ್ನು ಹಿಂದೆ ಬಿಟ್ಟು ಬಂದಿದ್ದೆ.

ಮೂರನೆಯ ದಿನ ಬೆಳಿಗ್ಗೆ ಮತ್ತೆ ಅದೇ ಸ್ಟೇಷನ್ನಿನಲ್ಲಿ ಇಳಿದೆ. ಕಾವಲಿನವನಿಗೆ ಹೆದರಿ ಪ್ಲಾಟ್‌ಫಾರಂ ಬಿಟ್ಟು, ಹೊಲದ ಕಡೆಯಿಂದ ಸುತ್ತಿ ಬಂದೆ. ಹಳಿ ರಿಪೇರಿಯ ಗ್ಯಾಂಗಿನ ಆಳೊಬ್ಬ ಹೊಂಗೆ ಮರದ ಕೆಳಗೆ ಬುತ್ತಿ ಬಿಚ್ಚಿಕೊಂಡು ಕೂತಿದ್ದ. ಐವತ್ತು ದಾಟಿದವನು, ಪಕ್ಕದಲ್ಲಿ ಉದ್ದ ಹಿಡಿಯ ಸುತ್ತಿಗೆ. ನನ್ನನ್ನು ಕಂಡು, "ಎವರಮ್ಮಾ ನುವ್ವು?" ಎಂದು ನಾನು ಯಾರೆಂದು ಕೇಳಿದ. ನಾನು ನಿಂತಲ್ಲೇ ಎಲ್ಲ ಹೇಳಿದೆ. ಅವನು ಕೈಯಲ್ಲಿದ್ದ ತುತ್ತನ್ನು ಬುತ್ತಿಗೆ ವಾಪಸು ಹಾಕಿ, ಕೈ ತೊಳೆದು, ಎದ್ದ.

ಅವನಿಗೂ ಆ ಗೀಟು ಓದಲು ಬರುತ್ತಿರಲಿಲ್ಲ. ಆದರೆ ಅವನು ಬಾಗಿಲ ಸಂದಿಗೆ ಮೂಗು ಇಟ್ಟು ಮೂಸುತ್ತ ಹೋದ. ಇದು ಹತ್ತಿ, ಇದು ಹುಣಸೆಹಣ್ಣು, ಇದು ಹರಳುಬೀಜ. ಸಾಲಿನ ಮೊದಲ ಅರ್ಧದಲ್ಲಿ ಕಡಲೆಕಾಯಿ ಇದ್ದದ್ದು ನಾಲ್ಕು ಡಬ್ಬಿ, ಎರಡನೆಯ ಅರ್ಧದಲ್ಲಿ ಎರಡೇ. ಪ್ರತಿಯೊಂದಕ್ಕೂ ಕೊನೆಯ ಗೋಡೆಗೆ ಹೋಗಿ, ಸುತ್ತಿಗೆಯ ಹಿಡಿಯಿಂದ ಮೂರು ಸಲ ತಟ್ಟಿ, ಕಿವಿ ಇಟ್ಟು ಬಹಳ ಹೊತ್ತು ನಿಲ್ಲುತ್ತಿದ್ದ. ಐದನೆಯದರ ಹತ್ತಿರ ನನಗೆ ಕೈಸನ್ನೆ ಮಾಡಿದ. ನಾನೂ ಕಿವಿ ಇಟ್ಟೆ. ಇಲಿ ಕೆರೆಯುವಷ್ಟು ಸದ್ದು. ನಿಂತಿತು. ಮತ್ತೆ ಬಂತು.

ಅವನು ಮಾಸ್ತರ ಹತ್ತಿರ ಓಡಿದ. ಮಾಸ್ತರು ಬಂದು ನೋಡಿ ಗಾಬರಿಯಾದರು. ಆದರೆ ಮೊಹರು ಒಡೆಯುವ ಅಧಿಕಾರ ತಮಗಿಲ್ಲ, ಮೇಲಿನವರಿಗೆ ತಂತಿ ಕೊಟ್ಟು ಉತ್ತರ ತರಿಸುತ್ತೇನೆ, ಅಲ್ಲಿಯವರೆಗೆ ಯಾರೂ ಮುಟ್ಟಬೇಡಿ ಎಂದು ಹೇಳಿ ಒಳಗೆ ಹೋದರು. ನಾವಿಬ್ಬರೂ ಬಾಗಿಲ ಮುಂದೆ ನಿಂತೆವು. ಬಿಸಿಲು ಏರುತ್ತಿತ್ತು. ಕೆರೆಯುವ ಸದ್ದು ನಿಂತುಹೋಗಿತ್ತು.

"ಅಯ್ಯಾ, ನಿಮ್ಮ ಕಾಲು ಹಿಡೀತೀನಿ" ಎಂದು ತೆಲುಗಿನಲ್ಲಿ ಅಂದೆ, ನಿಜವಾಗಿಯೂ ಹಿಡಿದೆ.

ಅವನು ಸ್ಟೇಷನ್ನಿನ ಕಡೆ ಒಮ್ಮೆ ನೋಡಿದ. ಸುತ್ತಿಗೆ ಎತ್ತಿ ಚಿಲಕಕ್ಕೆ ಹೊಡೆದ. ಮೂರನೆಯ ಏಟಿಗೆ ತಂತಿ ಕಿತ್ತು ಸೀಸದ ಬಿಲ್ಲೆ ಜಲ್ಲಿಯೊಳಗೆ ಬಿತ್ತು.

ಬಾಗಿಲು ತೆಗೆದರೆ ಎದುರಿಗೆ ಚೀಲದ ಗೋಡೆ. ಇಬ್ಬರೂ ಸೇರಿ ಎಳೆದು ಎಳೆದು ನೆಲಕ್ಕೆ ಹಾಕಿದೆವು, ಎರಡು ಚೀಲ ಒಡೆದು ಕಡಲೆಕಾಯಿ ಚೆಲ್ಲಿತು. ದಾರಿಯಾದ ಮೇಲೆ ಅವನು ಮೇಲೆ ತೆವಳಿದ. ಒಳಗಿನಿಂದ ಬಂದ ಬಿಸಿ, ಆ ವಾಸನೆ, ಬರೆಯಲಾರೆ. ತಮ್ಮನ ಎರಡೂ ಕಂಕುಳಿಗೆ ಕೈ ಹಾಕಿ ಎಳೆದು ತಂದು ನನ್ನ ತೋಳಿಗೆ ಇಳಿಸಿದ. ತುಟಿ ಕಪ್ಪಾಗಿ ಒಡೆದಿತ್ತು. ಬೆರಳಿನ ಉಗುರುಗಳು ಕಿತ್ತುಹೋಗಿದ್ದವು. ಬಾಯೊಳಗೆ ಅಗಿಯಲಾರದೆ ಉಳಿದ ಕಡಲೆಕಾಯಿ ಸಿಪ್ಪೆ ಇತ್ತು. ಕಣ್ಣು ತೆರೆದೇ ಇದ್ದವು, ನನ್ನನ್ನು ಗುರುತಿಸಲಿಲ್ಲ. ಸೆರಗು ನೆನೆಸಿ ಹನಿ ಹನಿಯಾಗಿ ಬಾಯಿಗೆ ಹಿಂಡಿದೆ. ಮೊದಲಿನ ಹನಿಗಳು ಹಾಗೇ ಹೊರಗೆ ಬಂದವು. ಆಮೇಲೆ ಒಂದನ್ನು ನುಂಗಿದ.

ಗಾಡಿ ಕಟ್ಟಿಸಿಕೊಂಡು ಹತ್ತಿರದ ಊರಿನ ಆಸ್ಪತ್ರೆಗೆ ಹೋದೆವು. ಅಲ್ಲಿ ಒಂದು ತಿಂಗಳಿಗೆ ಹತ್ತಿರ ಇದ್ದೆವು. ಅವನು ಬದುಕಿದ. ಕೈ ನಡುಕ ಮಾತ್ರ ಹೋಗಲಿಲ್ಲ. ನೀರಿನ ಲೋಟ ಹಿಡಿದರೆ ಅರ್ಧ ನೀರು ಎದೆಯ ಮೇಲೆ. ಊರಿಗೆ ಕರೆದುಕೊಂಡು ಹೋದೆ. ಅವ್ವ ಅವನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ನಾನೇ ಮಲಗಿಸಿದ್ದು, ನಾನೇ ಎಬ್ಬಿಸದೆ ಹೋದದ್ದು ಎಂದು ಅವಳಿಗೆ ಹೇಳಿದೆ. ಅವಳು ಎದ್ದು ಅವನಿಗೆ ಗಂಜಿ ಕಾಯಿಸಲು ಹೋದಳು. ಬೈದಿದ್ದರೆ ಒಳ್ಳೆಯದಿತ್ತು. ಆ ಬೇಸಿಗೆಯಲ್ಲಿ ಅವನಿಗೆ ಕೊರಟಗೆರೆ ಕಡೆಯ ಒಂದು ಹೆಣ್ಣು ಗೊತ್ತಾಗಿತ್ತು. ಹೆಣ್ಣಿನ ಕಡೆಯವರು ಬಂದರು, ಜಗಲಿಯ ಮೇಲೆ ಕೂತರು, ಅವನು ಮಜ್ಜಿಗೆ ಲೋಟ ಹಿಡಿಯುವುದನ್ನು ನೋಡಿದರು, ಎದ್ದು ಹೋದರು. ಮತ್ತೆ ಬರಲಿಲ್ಲ.

ಸುತ್ತಿಗೆಯ ಮನುಷ್ಯನ ವಿಷಯ ಕೇಳಿದಾಗಿನಿಂದ ಅವ್ವ ಒಂದೇ ಹಟ ಹಿಡಿದಳು. "ನನ್ ಮಗನ್ನ ತೆಗೆದವ್ನು. ಹೋಗಿ ಮುಖ ನೋಡ್ಕಂಡು ಬಾ" ಎಂದು, ಮನೆಯಲ್ಲಿದ್ದ ಅವರೆಕಾಳು, ಹುರುಳಿ ಒಂದು ಚೀಲದಲ್ಲಿ ಕಟ್ಟಿ ಕೊಟ್ಟಳು. ಮಳೆಗಾಲ ಶುರುವಾಗುವ ಹೊತ್ತಿಗೆ ಹೋದೆ. ಗ್ಯಾಂಗಿನವರ ಮನೆಗಳಲ್ಲಿ ಅವನಿರಲಿಲ್ಲ. ಮೊಹರು ಒಡೆದದ್ದಕ್ಕೆ ಕೆಲಸದಿಂದ ತೆಗೆದು, ಮನೆ ಬಿಡಿಸಿದ್ದರು. ಒಬ್ಬ ಹೆಂಗಸು ದಾರಿ ತೋರಿಸಿದಳು. ಊರಾಚೆ ರಸ್ತೆಯ ಬದಿ, ಹೆಂಡತಿಯ ಜೊತೆ ಕೂತು ಜಲ್ಲಿ ಒಡೆಯುತ್ತಿದ್ದ.

ನನ್ನನ್ನು ಗುರುತು ಹಿಡಿದ. ತಮ್ಮ ಹೇಗಿದ್ದಾನೆಂದು ಕೇಳಿದ. ಬದುಕಿದ್ದಾನೆ ಅಂದೆ. ತಲೆ ಆಡಿಸಿದ. ಅವನ ಹೆಂಡತಿ ನನ್ನ ಕಡೆ ನೋಡದೆ ಕಲ್ಲು ಒಡೆಯುತ್ತಲೇ ಇದ್ದಳು.

ನಾನು ಅಳುವುದಕ್ಕೆ ಶುರುಮಾಡಿದೆ. ಅವನು ತೆಲುಗಿನಲ್ಲಿ ಹೇಳಿದ್ದು ಇಷ್ಟು: "ಅಳಬೇಡಮ್ಮ. ನಿನಗೆ ಸುಳ್ಳು ಹೇಳಲ್ಲ. ನಾಲ್ಕು ಮಕ್ಕಳಿದ್ದಾರೆ. ಇನ್ನೊಂದು ಸಲ ಹಾಗಾದರೆ ನಾನು ಮೊಹರು ಒಡೆಯಲ್ಲ."

ಚೀಲ ಇಟ್ಟೆ. ಹೆಂಡತಿ ಎದ್ದು ಬಂದು ಅದನ್ನು ತೆಗೆದುಕೊಂಡಳು. ಬಾಯಿ ಬಿಚ್ಚಿ ಕಾಳು ನೋಡಿ, ಮತ್ತೆ ಕಟ್ಟಿ, ಮರದ ಕೊಂಬೆಗೆ ತೂಗುಹಾಕಿದಳು. ನಾನು ವಾಪಸು ಬಂದೆ. ಅವನು ಹಾಗೆ ಅಂದದ್ದನ್ನು ಅವ್ವನಿಗೆ ಹೇಳಲಿಲ್ಲ.

ಮುಂದಿನ ಸುಗ್ಗಿಗೆ ಮತ್ತೆ ಅದೇ ಗೂಡ್ಸ್ ಷೆಡ್ಡಿಗೆ ಹೋದೆ. ಬೇರೆ ಎಲ್ಲಿಗೆ ಹೋಗಲಿ? ತಮ್ಮನಿಗೆ ದುಡಿಯಲು ಆಗುತ್ತಿರಲಿಲ್ಲ, ಮನೆಗೆ ಕಾಳು ಬೇಕಿತ್ತು. ಮೇಸ್ತ್ರಿ ದಬ್ಬಳ ಕೊಟ್ಟ. ಗುಮಾಸ್ತರು ವರ್ಗವಾಗಿದ್ದರು. ಮೊದಲ ಕೆಲವು ದಿನ, ಡಬ್ಬಿಯ ಬಾಗಿಲು ಹಾಕುವ ಸದ್ದಿಗೆ ನನ್ನ ಕೈ ನಿಂತುಬಿಡುತ್ತಿತ್ತು. ಆಮೇಲೆ ನಿಲ್ಲಲಿಲ್ಲ. ಅದು ನನಗೆ ಹೆಚ್ಚು ಹೆದರಿಕೆ ತಂದಿತು.

ಸುಗ್ಗಿ ಮುಗಿಸಿ ಊರಿಗೆ ಹೋದಾಗಲೆಲ್ಲ ತಮ್ಮ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಿದ್ದ. ಮನೆಯೊಳಗೆ ಮಲಗುತ್ತಿರಲಿಲ್ಲ. ಮಳೆ ಬಂದರೂ ಜಗಲಿಯ ಮೇಲೆಯೇ. ಒಂದು ಮಧ್ಯಾಹ್ನ, ಅವ್ವ ಹೊಲಕ್ಕೆ ಹೋಗಿದ್ದಳು, ನಾನು ಜಗಲಿಯಲ್ಲಿ ಕೂತು ಅವರೆ ಬಿಡಿಸುತ್ತಿದ್ದೆ. ಅವನಾಗಿಯೇ ಕೇಳಿದ.

"ಅವತ್ತು ಎಲ್ಲಿಗ್ ಓಗಿದ್ದೆ ಅಕ್ಕ?"

ಎರಡು ವರ್ಷ ಕಾದಿದ್ದ ಪ್ರಶ್ನೆ. ಉತ್ತರ ಕೊಡಲು ನನಗೆ ನಾಚಿಕೆಯಾಯಿತು.

"ಸುತಲಿ ತರಾಕೆ ಕಣ್ಲಾ."

"ಸುತಲಿಗಾ?" ಅಂದ. ನಗು ಬಂದವನ ಹಾಗೆ ಅವನ ಭುಜ ಅಲುಗಿತು. ನಗುತ್ತಿರಲಿಲ್ಲ.

ಅವರೆಯ ಸಿಪ್ಪೆಯೊಂದನ್ನು ಎತ್ತಿಕೊಂಡು ಹೇಳಿದ. "ಮಾರ್ನೇ ದಿನ ನೀನು ಬಂದಿದ್ದೆ. ಕಲ್ಲಲ್ಲಿ ಬಡೀತಿದ್ದೆ. ನಾನು ಕೇಳುಸ್ಕಂಡೆ, ಕೂಗಾಕೆ ದನಿ ಬರ್ಲಿಲ್ಲ. ಹತ್ರ ಹತ್ರ ಬತ್ತಿತ್ತು ನಿನ್ ದನಿ. ಇನ್ ಎರಡು ಡಬ್ಬಿ ಐತೆ ಅಂದ್ಕಂಡೆ. ಆಮ್ಯಾಕೆ ಓಗ್ಬುಟ್ಟೆ."

"ಕಾವಲ್ನೋನು ಎಳ್ಕಂಡು ಓದ ಕಣ್ಲಾ. ನಾನಾಗಿ ಓಗ್ಲಿಲ್ಲ."

"ನಂಗೇನು ಗೊತ್ತು ಒಳಗೆ? ಬುಟ್ಟು ಓದ್ಳು ಅಂದ್ಕಂಡೆ."

"ಈಗ ಗೊತ್ತಾಯ್ತಲ್ಲ."

"ಊಂ. ಈಗ ಗೊತ್ತಾಯ್ತು" ಅಂದ. ಎದ್ದು ಬೆಟ್ಟದ ಕಡೆ ನಡೆದುಕೊಂಡು ಹೋದ. ಸಂಜೆ ಬಂದು ಊಟ ಮಾಡಿದ. ಆ ಮಾತು ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ. ಅವನು ನನ್ನ ಮೇಲೆ ಸಿಟ್ಟಾಗಿದ್ದನೆಂದು ಹೇಳಲಾರೆ. ಸಿಟ್ಟಾಗಿದ್ದರೆ ಒಂದು ದಿನ ಅದು ಇಳಿಯುತ್ತಿತ್ತು. ಅವನು ಆ ಡಬ್ಬಿಯೊಳಗೆ ಒಂದು ದಿನ, ಒಂದು ರಾತ್ರಿ, ನಾನು ಬಿಟ್ಟು ಹೋದೆ ಎಂದು ನಂಬಿಕೊಂಡು ಮಲಗಿದ್ದ. ಆಮೇಲೆ ಏನು ಹೇಳಿದರೂ ಆ ಒಂದು ದಿನವನ್ನು ತೆಗೆಯಲು ಆಗಲಿಲ್ಲ.

ಯುದ್ಧ ಮುಗಿಯಿತು ಎಂದು ಸ್ಟೇಷನ್ನಿನಲ್ಲಿ ಸಿಹಿ ಹಂಚಿದ ವರ್ಷದ ಮುಂದಿನ ವರ್ಷ, ಸುಗ್ಗಿ ನಡೆಯುತ್ತಿದ್ದಾಗ ಅವನಿಗೆ ಮತ್ತೆ ಚಳಿಜ್ವರ ಬಂತು. ಈ ಸಲ ತಲೆಗೇರಿತು. ನಾನು ಇದ್ದದ್ದು ಗೂಡ್ಸ್ ಷೆಡ್ಡಿನಲ್ಲಿ. ಮಧುಗಿರಿಯ ಕಡೆಯಿಂದ ಹುಣಸೆಹಣ್ಣು ತಂದ ಗಾಡಿಯವನೊಬ್ಬ ಸುದ್ದಿ ಹೇಳಿದಾಗ ಜ್ವರ ಬಂದು ನಾಲ್ಕು ದಿನವಾಗಿತ್ತು. ನಾನು ಊರು ಸೇರುವ ಹೊತ್ತಿಗೆ ಬೆಟ್ಟದ ಬುಡದಲ್ಲಿ ಅವನನ್ನು ಮಣ್ಣು ಮಾಡಿ ಬಂದಿದ್ದರು.

"ನನ್ನ ಕೇಳಿದ್ನಾ ಅವ್ವ?" ಅಂದೆ.

"ಇಲ್ಲ ಕಣಮ್ಮ. ಯಾರ್ನೂ ಕೇಳ್ಲಿಲ್ಲ. ನೀರು ನೀರು ಅಂತಿದ್ದ, ಅಷ್ಟೇಯ."

ಹನ್ನೊಂದನೆಯ ದಿನದ ತಿಥಿ ಮುಗಿಸಿದೆವು. ಅವ್ವ ಒಬ್ಬಳೇ ಆಗುತ್ತಾಳೆಂದು ಇನ್ನೆರಡು ದಿನ ಇದ್ದೆ. ಆಮೇಲೆ ಅವಳೇ, ಡಬ್ಬಿ ಬಂದಿರ್ತವೆ, ಕೆಲಸ ಹೋದೀತು, ಹೊರಡು ಅಂದಳು. ಹೊರಟೆ.